ದಿನಬಳಕೆಯ ನಾಣ್ಯಕ್ಕೆ ಹಳೇ ಚಿತ್ರಗಳು ಮತ್ತೆ ಬರಬೇಕಾ? ಗೂಳಿ, ಕುದುರೆ, ಕಮಲ, ಖಡ್ಗಮೃಗ

ಒಂದಾಣೆ, ಮೈಸೂರು

ನನ್ನ ಮಾತು ಮೊದಲೇ ನೇರವಾಗಿ ಹೇಳಿಬಿಡ್ತೀನಿ. 1950ರ ನಾಣ್ಯಗಳ ಮೇಲಿದ್ದ ಗೂಳಿ ಮತ್ತು ಕುದುರೆ, ಆಮೇಲೆ ಬಂದ ಕಮಲ, ಖಡ್ಗಮೃಗ, ಇವೆಲ್ಲ ಮತ್ತೆ ನಮ್ಮ ಚಿಲ್ಲರೆಗೆ ಬರಬೇಕು. ಸ್ಮರಣಾರ್ಥ ನಾಣ್ಯ ಅಂತ ಚೆಂದದ ಡಬ್ಬಿಯಲ್ಲಿಟ್ಟು ಮಾರಿದರೆ ನನಗೆ ಸಮಾಧಾನ ಇಲ್ಲ. ಹಾಲಿನ ಅಂಗಡಿಯಲ್ಲಿ, ಹೂವಿನವರ ಬುಟ್ಟಿಯಲ್ಲಿ, ಮಂಗಳಾರತಿ ತಟ್ಟೆಯಲ್ಲಿ ಓಡಾಡೋ ನಾಣ್ಯದ ಮೇಲೇ ಬರಬೇಕು.

1950ರ ಆಗಸ್ಟ್ 15ರಂದು ಗಣರಾಜ್ಯದ ಮೊದಲ ನಾಣ್ಯಗಳು ಬಂದವು. ಇಂಗ್ಲೆಂಡಿನ ರಾಜನ ತಲೆ ಹೋಗಿ ಸಾರನಾಥದ ಸಿಂಹಗಳು ಕೂತವು. ಹಿಂಬದಿ ನೋಡಿ. ಕಂಚಿನ ಒಂದು ಪೈಸೆ ಮೇಲೆ ಕುದುರೆ. ಅರ್ಧಾಣೆ, ಒಂದಾಣೆ, ಎರಡಾಣೆ ಮೇಲೆ ಗೂಳಿ. ನಾಲ್ಕಾಣೆಯಿಂದ ರೂಪಾಯಿವರೆಗೆ ತೆನೆ. ಈ ಗೂಳಿ, ಕುದುರೆ ಎಲ್ಲಿಂದಲೋ ತಂದದ್ದಲ್ಲ. ಸಾರನಾಥದ ಸಿಂಹಗಳ ಕಾಲಡಿಯ ಪೀಠದ ಸುತ್ತ ಆನೆ, ಗೂಳಿ, ಕುದುರೆ, ಸಿಂಹ ಕೆತ್ತಿದ್ದಾರೆ, ನಡುನಡುವೆ ಚಕ್ರ. ಅಲ್ಲಿಂದಲೇ ಇಳಿದು ಬಂದವು. ನಾಣ್ಯದ ಎರಡೂ ಮುಖ ಒಂದೇ ಶಿಲ್ಪದ ಭಾಗ. ಎಷ್ಟು ಯೋಚಿಸಿ ಮಾಡಿದ್ದಾರೆ ನೋಡಿ.

ನನ್ನ ಹತ್ತಿರ ಆ ಸರಣಿಯ ಒಂದಾಣೆ ಇದೆ. ಅಂಚು ಹೂವಿನ ಎಸಳಿನ ಹಾಗೆ ಒಳಗೆ ಹೊರಗೆ ಬಾಗಿದೆ. ಎಷ್ಟೋ ಕೈ ಬದಲಾಗಿ ಸವೆದಿದ್ದರೂ ಹೆಬ್ಬೆರಳು ಸವರಿದರೆ ಗೂಳಿಯ ಹಿಣಿಲು ಸಿಗುತ್ತೆ. ಕಾಲಿನ ಗಟ್ಟಿತನ ಕಾಣುತ್ತೆ. ಅಷ್ಟು ಚಿಕ್ಕ ಜಾಗದಲ್ಲಿ ಪ್ರಾಣಿಗೆ ಜೀವ ಬಂದಿದೆ.

ಈಗಿನದು? 2005ರ ಸುಮಾರಿಗೆ ನಾಲ್ಕು ಗೆರೆ ಕೂಡುವ ಚಿತ್ರ ಬಂತು. ಅದು ಶಿಲುಬೆ ಥರ ಕಾಣುತ್ತೆ ಅಂತ ಆಕ್ಷೇಪ ಬಂತು. 2007ರಲ್ಲಿ ನೃತ್ಯದ ಹಸ್ತಮುದ್ರೆಗಳು. 2011ರಲ್ಲಿ ಹೊಸ ರೂಪಾಯಿ ಚಿಹ್ನೆ. 2019ರಲ್ಲಿ ಇನ್ನೊಂದು ಸರಣಿ. 2022ರಲ್ಲಿ ಅಮೃತ ಮಹೋತ್ಸವದ ಲಾಂಛನ. ಒಂದನ್ನು ಕಣ್ಣು ಗುರುತು ಹಿಡಿಯೋ ಹೊತ್ತಿಗೆ ಇನ್ನೊಂದು ಬಂದಿರುತ್ತೆ. ಹಳೇದನ್ನು ತಂದು, ಒಂದು ತಲೆಮಾರು ಕಾಲ ಮುಟ್ಟದೆ ಬಿಡಬೇಕು ಅನ್ನೋದು ನನ್ನ ಆಸೆ. ನೀವೇನಂತೀರಿ?

ಕಿರಾಣಿ ಅಂಗಡಿ, ಹುಬ್ಬಳ್ಳಿ

ಚಿತ್ರ ಚೆಂದ ಇತ್ತು, ಒಪ್ಪಿದೆ. ಆದರೆ ಗಲ್ಲಾಪೆಟ್ಟಿಗೆ ಮುಂದೆ ಕೂತವರ ಕಷ್ಟ ಬೇರೆ. ಹತ್ತು ರೂಪಾಯಿ ನಾಣ್ಯದ ಕಥೆ ನಿಮಗೆ ಗೊತ್ತಿರಬೇಕು. ರೂಪಾಯಿ ಚಿಹ್ನೆ ಇರೋದು ಅಸಲಿ, ಇಲ್ಲದ್ದು ನಕಲಿ ಅಂತ ಒಬ್ಬರು. ಹತ್ತು ಗೆರೆ ಇರೋದು ಅಸಲಿ, ಹದಿನೈದು ಇರೋದು ಖೋಟಾ ಅಂತ ಇನ್ನೊಬ್ಬರು. ಕೊನೆಗೆ ಯಾವುದೂ ಬೇಡ ಅನ್ನೋರೇ ಜಾಸ್ತಿ ಆದರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಹೇಳಿತು, ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ, ಎಲ್ಲವನ್ನೂ ತಗೊಳ್ಳಿ ಅಂತ. ಆದರೂ ನಮ್ಮ ಓಣಿಯಲ್ಲಿ ಇನ್ನೂ ಮುಖ ಸಿಂಡರಿಸುವವರಿದ್ದಾರೆ. ನಾನು ಕೊಟ್ಟರೆ ಗಿರಾಕಿ ತಗೊಳ್ಳಲ್ಲ. ಗಿರಾಕಿ ಕೊಟ್ಟರೆ ನನಗೆ ಸರಕು ಕೊಡೋರು ತಗೊಳ್ಳಲ್ಲ.

ಈಗ ನೀವು ಗೂಳಿ ತರ್ತೀರಿ. ಮರುದಿನವೇ ಮೊಬೈಲಿನಲ್ಲಿ ಸುದ್ದಿ ಓಡಾಡುತ್ತೆ, ಗೂಳಿ ಎಡಕ್ಕೆ ನೋಡಿದರೆ ಅಸಲಿ, ಬಲಕ್ಕೆ ನೋಡಿದರೆ ಖೋಟಾ ಅಂತ. ಮತ್ತೊಂದು ಚಿತ್ರ ಅಂದರೆ ನಮಗೆ ಮತ್ತೊಂದು ಜಗಳ.

ಒಂದಾಣೆ, ಮೈಸೂರು

ನೀವು ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತೆ. ಹತ್ತು ರೂಪಾಯಿಗೆ ಅಷ್ಟು ಮುಖ ಯಾಕೆ ಬಂತು? ಪ್ರತಿ ಜಯಂತಿಗೆ, ಪ್ರತಿ ಶತಮಾನೋತ್ಸವಕ್ಕೆ ಓಡಾಡೋ ನಾಣ್ಯದ ಮೇಲೇ ಹೊಸ ಚಿತ್ರ ಹಾಕಿದ್ದರಿಂದ. ನೆನಪಿನ ನಾಣ್ಯ ಬೇಡ ಅಂತಿಲ್ಲ. 2006ರಲ್ಲಿ ಬಸವಣ್ಣನವರ ಐದು ರೂಪಾಯಿ ಬಂದಾಗ ನಾನೂ ಖುಷಿಪಟ್ಟು ಎತ್ತಿಟ್ಟುಕೊಂಡವನೇ. ಆದರೆ ಅಂಥದ್ದನ್ನು ಸಂಗ್ರಹಕಾರರಿಗೆ ಬೇರೆಯಾಗಿ ಕೊಡಲಿ. ಪೇಟೆಯಲ್ಲಿ ಒಂದು ಬೆಲೆಗೆ ಒಂದೇ ಮುಖ ಇರಲಿ. ಆಗ ಖೋಟಾ ಅನ್ನೋ ಅನುಮಾನಕ್ಕೂ ಜಾಗ ಇರಲ್ಲ, ಅಲ್ವಾ?

ನಿವೃತ್ತ ಕಂಡಕ್ಟರ್, ಹಾಸನ

ಚಿತ್ರದ ಮಾತು ಆಮೇಲೆ. ಕಂಡಕ್ಟರ್ ಆದವನು ನಾಣ್ಯ ನೋಡೋದೇ ಇಲ್ಲ. ತುಂಬಿದ ಬಸ್ಸಲ್ಲಿ, ರಾತ್ರಿ ಹೊತ್ತಲ್ಲಿ, ಚರ್ಮದ ಚೀಲದೊಳಗೆ ಬೆರಳು ಹಾಕಿದರೆ ಬೆರಳಿಗೇ ಗೊತ್ತಾಗಬೇಕು.

ಹನ್ನೊಂದು ಮೂಲೆಯ ಎರಡು ರೂಪಾಯಿ ನೆನಪಿದೆಯಾ? 1992ರಿಂದ 2004ರವರೆಗೆ ಬಂದದ್ದು, ಹಿಂದೆ ಭಾರತದ ನಕ್ಷೆ ಇತ್ತು. ಆರು ಗ್ರಾಂ ತೂಕ. ಅದನ್ನು ಯಾವತ್ತೂ ತಪ್ಪು ಎಣಿಸಲಿಲ್ಲ. ಐದು ರೂಪಾಯಿ ಇನ್ನೂ ಸುಲಭ. ದಪ್ಪ, ಒಂಬತ್ತು ಗ್ರಾಂ, ಅಂಚಿನಲ್ಲಿ ಗೀರು.

ತಲೆನೋವು ಶುರುವಾದದ್ದು 2011ರ ಮೇಲೆ. ಆವತ್ತು ಬಂದ ಎರಡು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ. 1992ರಿಂದ ಓಡುತ್ತಿದ್ದ ಹಳೇ ಒಂದು ರೂಪಾಯಿ ಎಷ್ಟು? ಅದೂ 25 ಮಿಲಿಮೀಟರ್, 4.85 ಗ್ರಾಂ. ಎರಡೂ ಸ್ಟೀಲು, ಎರಡೂ ದುಂಡಗೆ. ಹೊಸ ಒಂದು ರೂಪಾಯಿ ಹಳೇ ಎಂಟಾಣೆಯ ಅಳತೆಗೆ ಇಳಿಯಿತು. ಎರಡೂ ಕಾಲದ ನಾಣ್ಯ ಒಂದೇ ಚೀಲದಲ್ಲಿ. ಒಂದು ಕೊಡೋ ಕಡೆ ಎರಡು ಹೋಗುತ್ತಿತ್ತು. ರಾತ್ರಿ ಲೆಕ್ಕ ಒಪ್ಪಿಸುವಾಗ ಕಡಿಮೆ ಬಿದ್ದದ್ದನ್ನು ನಾವೇ ಕೈಯಿಂದ ತುಂಬಬೇಕು. ಪ್ರಯಾಣಿಕರ ಹತ್ತಿರ ಬೈಸಿಕೊಂಡದ್ದು ಬೇರೆ.

ಅದಕ್ಕೇ ಹೇಳೋದು. ಗೂಳಿ ತನ್ನಿ, ಕುದುರೆ ತನ್ನಿ, ನನಗೂ ಇಷ್ಟ. ಆದರೆ ಹಳೇ ಅಳತೆ ಹೊಸ ಬೆಲೆಗೆ ಹಾಕಿ ಇನ್ನೊಮ್ಮೆ ಆ ಗೊಂದಲ ಮಾಡಬೇಡಿ.

ಬೆರಳ ತುದಿ, ತುಮಕೂರು

ಕಂಡಕ್ಟರ್ ಅವರ ಮಾತಿಗೆ ನನ್ನದೂ ಸೇರಿಸ್ತೀನಿ. ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಇಲ್ಲಿನ ಬರಹವನ್ನು ಫೋನ್ ಓದಿ ಹೇಳುತ್ತೆ. ನೀವು ಚೆಂದ ಅನ್ನೋ ಚಿತ್ರ ನನಗೆ ಬೆರಳಿಗೆ ಸಿಕ್ಕಷ್ಟೇ. ನಿಜ ಹೇಳಬೇಕಂದ್ರೆ, ಓಡಾಡಿ ಸವೆದ ನಾಣ್ಯದಲ್ಲಿ ಅದೂ ಸಿಗಲ್ಲ. ನನಗೆ ಬೇಕಾದ್ದು ಅಂಚು, ಅಗಲ, ತೂಕ.

2019ರ ಮಾರ್ಚ್‌ನಲ್ಲಿ ಬಂದ ಸರಣಿಯನ್ನು ನಮ್ಮಂಥವರಿಗೆ ಅನುಕೂಲ ಆಗಲಿ ಅಂತಲೇ ಮಾಡಿದ್ದಾರೆ. ಬೆಲೆ ಏರಿದ ಹಾಗೆ ಅಗಲವೂ ಏರುತ್ತೆ. ಒಂದು ರೂಪಾಯಿ 20 ಮಿಲಿಮೀಟರ್, ಎರಡು 23, ಐದು 25, ಹತ್ತು 27. ಇಪ್ಪತ್ತು ರೂಪಾಯಿಗೆ ಹನ್ನೆರಡು ಮೂಲೆ. ಹಳೇ ನಾಣ್ಯಗಳೂ ಜೊತೆಗೇ ಓಡುತ್ತಿರೋದರಿಂದ ಇದರ ಪೂರ್ತಿ ಲಾಭ ಇನ್ನೂ ಸಿಕ್ಕಿಲ್ಲ. ಆದರೆ ದಾರಿ ಸರಿ ಇದೆ. ಎಲ್ಲರೂ ಹಳೇ ಸೊಗಸು ಬೇಕು ಅಂತ ಕೂತರೆ ಈ ಅಳತೆಗಳನ್ನು ಯಾರಾದರೂ ಕೆಡಿಸಿಬಿಟ್ಟಾರು ಅನ್ನೋದೇ ನನ್ನ ಭಯ.

ಒಂದಾಣೆ, ಮೈಸೂರು

ನೀವಿಬ್ಬರೂ ಹೇಳಿದ ಮೇಲೆ ನನ್ನ ಬೇಡಿಕೆಯನ್ನು ಬಿಡಿಸಿ ಹೇಳೋದು ಒಳ್ಳೇದು. ನಾಣ್ಯದ ಮೈ ಬೇರೆ, ಮುಖ ಬೇರೆ. ಮೈ ಅಂದರೆ ಅಗಲ, ತೂಕ, ಲೋಹ, ಅಂಚು. ಅದು 2019ರದ್ದೇ ಇರಲಿ, ಕೂದಲೆಳೆಯಷ್ಟೂ ಬದಲಾಗೋದು ಬೇಡ. ಮುಖ ಮಾತ್ರ ಹಳೇದು ಬರಲಿ. 1950ರ ರೂಪಾಯಿ 28 ಮಿಲಿಮೀಟರ್ ಅಗಲದ, 11.66 ಗ್ರಾಂ ತೂಕದ ನಿಕ್ಕಲ್ ನಾಣ್ಯ. ಅದನ್ನು ಹಾಗೇ ವಾಪಸ್ ತನ್ನಿ ಅಂತ ಯಾರೂ ಕೇಳೋಕೆ ಆಗಲ್ಲ.

ಕೋರಮಂಗಲ, ಬೆಂಗಳೂರು

ಬೇಜಾರು ಮಾಡ್ಕೋಬೇಡಿ. ನನ್ನ ಪರ್ಸಲ್ಲಿ ನಾಣ್ಯವೇ ಇಲ್ಲ. ಎಳನೀರಿಗೂ ಫೋನಲ್ಲೇ ಸ್ಕ್ಯಾನ್ ಮಾಡ್ತೀನಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮಮ್ಮ ಬಸ್ಸಿಗೂ ಚಿಲ್ಲರೆ ಹುಡುಕಲ್ಲ. ಮೇಲಾಗಿ ಒಂದು ರೂಪಾಯಿ ನಾಣ್ಯ ಟಂಕಿಸೋಕೆ 1 ರೂಪಾಯಿ 11 ಪೈಸೆ ಖರ್ಚು ಬರುತ್ತೆ ಅಂತ 2018ರಲ್ಲಿ ಮಾಹಿತಿ ಹಕ್ಕಿನ ಉತ್ತರದಲ್ಲಿ ಬಂದಿತ್ತು. ಬೆಲೆಗಿಂತ ಖರ್ಚೇ ಹೆಚ್ಚು. ಹೋಗೋ ವಸ್ತುವಿಗೆ ಇಷ್ಟು ಅಲಂಕಾರ ಯಾಕೆ?

ನೀರಿನ ಸಾಲು, ಕೋಲಾರ

ಕೋರಮಂಗಲದವರೇ, ನಮ್ಮೂರಿಗೆ ಒಮ್ಮೆ ಬನ್ನಿ. ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತೆ. ನಾಣ್ಯ ಇಲ್ಲ ಅಂದರೆ ಖಾಲಿ ಕ್ಯಾನ್ ಹಿಡಿದು ಅಂಗಡಿ ಅಂಗಡಿ ಸುತ್ತಬೇಕು. ಅದೂ ಎಲ್ಲ ಐದು ರೂಪಾಯಿ ಆಗಲ್ಲ. ನಮ್ಮ ಘಟಕದ ಕಿಂಡಿಗೆ ಹಳದಿ ಬಣ್ಣದ ಹಳೇದು, 23 ಮಿಲಿಮೀಟರ್‌ದು, ಸಲೀಸಾಗಿ ಇಳಿಯುತ್ತೆ. ಹೊಸ ಅಗಲದ ನಾಣ್ಯ ಹಾಕಿದರೆ ಬಾಯಲ್ಲೇ ಸಿಕ್ಕಿಕೊಳ್ಳುತ್ತೆ. ಹಿಂದೆ ಸಾಲಲ್ಲಿ ನಿಂತವರು ಪಿನ್ನು ತಂದು ಕೀಳಬೇಕು. ಅದಕ್ಕೇ ನಮ್ಮ ಬೀದಿಯ ಹೆಂಗಸರು ಹಳೇ ಐದನ್ನು ಅಕ್ಕಿ ಡಬ್ಬದ ಪಕ್ಕ ಬೇರೆ ತೆಗೆದಿಡ್ತಾರೆ.

ಹಾಗಾಗಿ ನಾಣ್ಯ ಹೋಗೋ ವಸ್ತು ಅಂತ ಹೇಳಬೇಡಿ. ನಮಗೆ ಅದು ನೀರು. ಚಿತ್ರ ಬದಲಾದರೆ ಕಿಂಡಿಗೆ ಏನೂ ಆಗಲ್ಲ, ಅಳತೆ ಬದಲಾದರೆ ಆಗುತ್ತೆ. ಒಂದಾಣೆಯವರ ಮೈ ಮತ್ತು ಮುಖದ ಮಾತು ನನಗೆ ಪೂರ್ತಿ ಒಪ್ಪಿಗೆ. ಘಟಕಗಳ ಕಿಂಡಿಯನ್ನೂ ಹೊಸ ಅಳತೆಗೆ ತಿದ್ದಿಸಿಬಿಟ್ಟರೆ ಮುಗಿಯಿತು.

ಕೋರಮಂಗಲ, ಬೆಂಗಳೂರು

ಇದು ನಿಜಕ್ಕೂ ಯೋಚಿಸುವ ವಿಷಯ. ಆದರೂ ಖರ್ಚಿನ ಪ್ರಶ್ನೆ ಉಳಿದೇ ಇದೆ.

ಸಂಗ್ರಹ, ಉಡುಪಿ

ಖರ್ಚಿಗೆ ನಾನು ಉತ್ತರ ಕೊಡ್ತೀನಿ. ಒಂದು ನಾಣ್ಯ ಒಂದೇ ಸಲ ಖರ್ಚಾಗಿ ಮುಗಿಯೋ ವಸ್ತು ಅಲ್ಲ. ವರ್ಷಗಟ್ಟಲೆ ಕೈಯಿಂದ ಕೈಗೆ ಓಡುತ್ತೆ. ಅಚ್ಚಿನಲ್ಲಿ ತೆನೆ ಇದ್ದರೂ ಗೂಳಿ ಇದ್ದರೂ ಲೋಹದ ಖರ್ಚು ಅಷ್ಟೇ. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ, ನಾಲ್ಕೂ ಟಂಕಸಾಲೆಗಳಲ್ಲಿ ಅಚ್ಚು ಸವೆದ ಹಾಗೆ ಬದಲಾಯಿಸುತ್ತಲೇ ಇರ್ತಾರೆ. ಅಂದ ಹಾಗೆ, ಇಸವಿಯ ಕೆಳಗೆ ಚುಕ್ಕಿ ಇದ್ದರೆ ನೋಯ್ಡಾದ್ದು, ನಕ್ಷತ್ರ ಇದ್ದರೆ ಹೈದರಾಬಾದಿನದು, ವಜ್ರದ ಆಕಾರ ಇದ್ದರೆ ಮುಂಬೈದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಮಕ್ಕಳಿಗೆ ತೋರಿಸಿ, ಗಂಟೆಗಟ್ಟಲೆ ಹುಡುಕ್ತಾ ಕೂರ್ತಾರೆ.

ನನ್ನ ಚಿಂತೆ ಬೇರೆ. ಕಮಲದ ಇಪ್ಪತ್ತು ಪೈಸೆ ಗೊತ್ತಲ್ಲ? 1968ರಿಂದ 1971ರವರೆಗೆ ಬಂದ ಹಳದಿ ನಾಣ್ಯ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದನ್ನು ಖರ್ಚು ಮಾಡಲೇ ಇಲ್ಲ. ಬಣ್ಣ ಹೊಳೆಯುತ್ತೆ, ಮೇಲೆ ಕಮಲ ಇದೆ, ಲಕ್ಷ್ಮೀಪೂಜೆಗೆ ಇರಲಿ ಅಂತ ದೇವರ ಪೆಟ್ಟಿಗೆಗೆ ಹೋಯಿತು. ಇವತ್ತಿಗೂ ನೂರೆಂಟು ನಾಣ್ಯ ಪೋಣಿಸಿ ಮಾರೋರಿದ್ದಾರೆ. ಅಂಥ ಚಿತ್ರ ಮತ್ತೆ ಬಂದರೆ ಜನ ಅದನ್ನೂ ಒಳಗಿಡ್ತಾರೆ. ಆಗ ನೀರಿನ ಸಾಲಿನವರಿಗೆ ಚಿಲ್ಲರೆ ಇನ್ನೂ ಕಡಿಮೆ ಸಿಗುತ್ತೆ. ಕಮಲವನ್ನು ಬಿಟ್ಟುಬಿಡೋದು ಕ್ಷೇಮ ಅಂತ ನನಗೆ ಅನ್ನಿಸುತ್ತೆ. ಅದು ಒಂದು ಪಕ್ಷದ ಚಿಹ್ನೆಯೂ ಆಗಿರೋದರಿಂದ ಸುಮ್ನೆ ಇಲ್ಲದ ಗಲಾಟೆಯೂ ಏಳುತ್ತೆ.

ಖಡ್ಗಮೃಗಕ್ಕೆ ನನ್ನ ಓಟು ಮೊದಲು. 1988ರಲ್ಲಿ ಬಂದ ಸ್ಟೀಲಿನ ನಾಲ್ಕಾಣೆ. 19 ಮಿಲಿಮೀಟರ್ ಜಾಗದಲ್ಲಿ ಅದರ ಮೈಯ ಮಡಿಕೆ, ಮೂಗಿನ ಕೊಂಬು ಎಲ್ಲ ಕಾಣುತ್ತೆ. 2011ರ ಜೂನ್ 30ಕ್ಕೆ ನಾಲ್ಕಾಣೆಯ ಚಲಾವಣೆ ನಿಂತಾಗ ಆ ಪ್ರಾಣಿಯೂ ನಮ್ಮ ಜೇಬಿಂದ ಹೋಯಿತು. ಈಗಿನ ಮಕ್ಕಳು ಸಾರನಾಥದ ಸಿಂಹ ಬಿಟ್ಟರೆ ನಾಣ್ಯದ ಮೇಲೆ ಒಂದು ಕಾಡುಪ್ರಾಣಿಯನ್ನೂ ನೋಡದೆ ಬೆಳೀತಿದ್ದಾರೆ.

ನೃತ್ಯ ಕಲಿತವಳು, ಶಿವಮೊಗ್ಗ

ಎಲ್ಲರೂ 2007ರ ಮುದ್ರೆಗಳನ್ನು ಬದಿಗೆ ತಳ್ಳಿದ್ದು ನನಗೆ ಸರಿ ಕಾಣಲಿಲ್ಲ. ಎಂಟಾಣೆಗೆ ಮುಚ್ಚಿದ ಮುಷ್ಟಿ, ಒಂದು ರೂಪಾಯಿಗೆ ಎತ್ತಿದ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು. ಭರತನಾಟ್ಯದ ಹಸ್ತಗಳು ಅವು. ಅಂಕಿ ಓದಲು ಬಾರದ ನಮ್ಮಜ್ಜಿ ಎರಡು ಬೆರಳು ನೋಡಿ ಎರಡು ರೂಪಾಯಿ ಅಂತ ಥಟ್ಟನೆ ಹೇಳುತ್ತಿದ್ದರು. ನಾಣ್ಯದ ಚಿತ್ರವೇ ಬೆಲೆಯನ್ನೂ ಹೇಳುವುದು ಎಷ್ಟು ಒಳ್ಳೆಯ ಯೋಚನೆ. ಅದು ಹೊಸದು ಅಂತ ಕಡೆಗಣಿಸಬೇಡಿ. ಇನ್ನು ಐವತ್ತು ವರ್ಷ ಕಳೆದರೆ ಜನ ಅದನ್ನೇ ವಾಪಸ್ ತನ್ನಿ ಅಂತಾರೆ.

ನಿವೃತ್ತ ಕಂಡಕ್ಟರ್, ಹಾಸನ

ತಂಗೀ, ನಿಮ್ಮ ಅಜ್ಜಿಯ ಮಾತು ನಿಜ. ಓದು ಬಾರದ ಪ್ರಯಾಣಿಕರಿಗೆ ಆ ಬೆರಳು ಸುಲಭ ಇತ್ತು. ನೋಡಿ ಕೊಡುವಷ್ಟು ಬೆಳಕು, ಪುರಸೊತ್ತು ಇರಬೇಕು ಅಷ್ಟೇ.

ಲಂಡನ್ ಕನ್ನಡಿಗ

ಇಲ್ಲಿ ನಡೆದದ್ದನ್ನು ಹೇಳ್ತೀನಿ, ನಿಮ್ಮ ಚರ್ಚೆಗೆ ನೇರ ಸಂಬಂಧ ಇದೆ. ತ್ರಿಶೂಲ, ಗುರಾಣಿ ಹಿಡಿದ ಬ್ರಿಟಾನಿಯಾ ಈ ದೇಶದ ನಾಣ್ಯಗಳ ಮೇಲೆ 1672ರಿಂದ ಬಂದವಳು. ಕೊನೆಗೆ 50 ಪೆನ್ಸ್ ಮೇಲೆ ಉಳಿದಿದ್ದಳು. 2008ರಲ್ಲಿ ಹೊಸ ಸರಣಿ ಬಂತು. ಬೇರೆ ಬೇರೆ ನಾಣ್ಯ ಜೋಡಿಸಿದರೆ ಒಂದು ದೊಡ್ಡ ಗುರಾಣಿಯ ಚಿತ್ರ ಕೂಡುತ್ತೆ. ಜಾಣ್ಮೆಯ ಕೆಲಸ. ಆದರೆ ಅದಕ್ಕಾಗಿ ಬ್ರಿಟಾನಿಯಾಳನ್ನು ತೆಗೆದರು. ಜನ ಸುಮ್ಮನಿರಲಿಲ್ಲ. 2015ರಲ್ಲಿ ಅವಳು ಎರಡು ಪೌಂಡ್ ನಾಣ್ಯದ ಮೇಲೆ ವಾಪಸ್ ಬಂದಳು. ಹೊಸ ಕಲಾವಿದರು ಹೊಸದಾಗಿ ಬಿಡಿಸಿದ ಬ್ರಿಟಾನಿಯಾ ಅದು, ಹಳೇ ಅಚ್ಚಿನ ನಕಲು ಅಲ್ಲ.

2008ರಲ್ಲಿ 50 ಪೆನ್ಸ್‌ನ ಏಳು ಮೂಲೆ ಹಾಗೇ ಇತ್ತು, ಅಳತೆಯೂ ಹಾಗೇ. ಯಂತ್ರಗಳಿಗೆ ಏನೂ ಆಗಲಿಲ್ಲ. ಇಲ್ಲಿ ನೀವು ಮೈ, ಮುಖ ಅಂತ ಹೇಳ್ತಿರೋದನ್ನೇ ಅವರು ಮಾಡಿದ್ದು. 2023ರಲ್ಲಿ ಹೊಸ ರಾಜನ ನಾಣ್ಯಗಳಿಗೆ ಇಲ್ಲಿನ ಕಾಡಿನ ಜೀವಿಗಳನ್ನು ಹಾಕಿದರು. ಎರಡು ಪೆನ್ಸ್ ಮೇಲೆ ಕೆಂಪು ಅಳಿಲಿದೆ. ಖಡ್ಗಮೃಗದ ನಾಲ್ಕಾಣೆಯನ್ನು ನಾವು 1988ರಲ್ಲೇ ಮಾಡಿದ್ದೆವು ಅಂತ ನನಗೆ ಹೆಮ್ಮೆ ಆಯಿತು.

ಕಾಸು, ಚಾಮರಾಜನಗರ

ನನಗೆ ಒಂದು ಕೊರತೆ ಕಾಡುತ್ತೆ. 1950ರ ಚೆಂದದ ಸರಣಿಯಲ್ಲೂ ಹಿಂದಿ, ಇಂಗ್ಲಿಷ್ ಎರಡೇ ಲಿಪಿ. ಬ್ರಿಟಿಷರ ಕಾಲದ ಒಂದಾಣೆ ಮೇಲೆ ನಾಗರಿ, ಉರ್ದು, ಬಂಗಾಳಿ, ತೆಲುಗು ಅಕ್ಷರ ಇತ್ತು, ಕನ್ನಡ ಮಾತ್ರ ಇರಲಿಲ್ಲ. ಆದರೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯ ನೋಡಿ. ಕನ್ನಡದಲ್ಲಿ ಮಯಿಲಿ ಕಾಸು ಇಪ್ಪತ್ತು ಅಂತ ಟಂಕಿಸಿದ್ದರು, ಜೊತೆಗೆ ಇಂಗ್ಲಿಷ್ ಕೂಡ. ಅಂಗೈ ಮೇಲೆ ಇಟ್ಟುಕೊಂಡರೆ ಅಕ್ಷರ ಓದಬಹುದು. ಹಳೇದು ವಾಪಸ್ ತರೋದಾದರೆ ಅದನ್ನೂ ನೆನೆಯಬೇಕು. ನೋಟಿನ ಹಿಂದೆ ಹದಿನೈದು ಭಾಷೆ ಹಿಡಿಸುತ್ತೆ. ಐವತ್ತು ರೂಪಾಯಿ ನೋಟಿನ ಮೇಲೆ ಹಂಪಿಯ ಕಲ್ಲಿನ ರಥವೂ ಬಂದಿದೆ. ನಾಣ್ಯಕ್ಕೆ ಎಲ್ಲ ಭಾಷೆ ಹಿಡಿಸಲ್ಲ, ಗೊತ್ತು. ಸರದಿ ಪ್ರಕಾರ ಒಂದೊಂದು ವರ್ಷ ಒಂದೊಂದು ಲಿಪಿ ಬರಬಹುದಲ್ಲ?

ಕಿರಾಣಿ ಅಂಗಡಿ, ಹುಬ್ಬಳ್ಳಿ

ಕನ್ನಡ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಕ್ಕೊಂದು ಲಿಪಿ ಅಂದರೆ ಮತ್ತೆ ಹತ್ತು ರೂಪಾಯಿ ಕಥೆಯೇ. ಒಡಿಯಾ ಅಕ್ಷರದ ನಾಣ್ಯ ಕೊಟ್ಟರೆ ನಮ್ಮ ಗಿರಾಕಿ ಇದು ಯಾವ ದೇಶದ್ದು ಅಂತಾನೆ.

ಒಂದಾಣೆ, ಮೈಸೂರು

ಕಾಸು ಅವರೇ, ನಿಮ್ಮ ನೋವು ನನ್ನದೂ ಹೌದು. ಹುಬ್ಬಳ್ಳಿಯವರ ಅಡಚಣೆಯೂ ನಿಜ. ಲಿಪಿಯನ್ನು ಬೇರೆ ಬೇಡಿಕೆಯಾಗಿಯೇ ಗಟ್ಟಿಯಾಗಿ ಕೇಳೋಣ. ಇದರೊಳಗೆ ಸೇರಿಸಿದರೆ ಎರಡೂ ಮೂಲೆ ಸೇರುತ್ತೆ.

ಆದರೆ ನಿಮ್ಮ ಮಾತಿನಿಂದ ನನಗೊಂದು ದಾರಿ ಹೊಳೆಯಿತು. ಸಾರನಾಥದ ಪೀಠದ ನಾಲ್ಕು ಪ್ರಾಣಿಗಳಲ್ಲಿ ಗೂಳಿಗೆ, ಕುದುರೆಗೆ 1950ರಲ್ಲಿ ಜಾಗ ಸಿಕ್ಕಿತು. ಸಿಂಹ ಮುಂಬದಿಯಲ್ಲಿ ಇದ್ದೇ ಇದೆ. ಆ ಸರಣಿಯಲ್ಲಿ ಹೊರಗುಳಿದದ್ದು ಆನೆ. ಟಿಪ್ಪುವಿನ ತಾಮ್ರದ ಪೈಸೆ ಮೇಲೆ ಇದ್ದದ್ದು ಆನೆ, ಒಡೆಯರ ಕಾಸಿನ ಮೇಲೂ ಆನೆ. ಒಂದು ರೂಪಾಯಿಗೆ ಕುದುರೆ, ಎರಡಕ್ಕೆ ಗೂಳಿ, ಐದಕ್ಕೆ ಖಡ್ಗಮೃಗ, ಹತ್ತಕ್ಕೆ ಆನೆ, ಇಪ್ಪತ್ತಕ್ಕೆ ಈಗಿರುವ ತೆನೆಯೇ ಉಳಿಯಲಿ. ಕಮಲ ಬಿಡೋಣ, ಉಡುಪಿಯವರ ಮಾತು ಸರಿ. ಲಂಡನ್ನಿನವರು ಹೇಳಿದ ಹಾಗೆ ಹಳೇ ಅಚ್ಚನ್ನೇ ನಕಲು ಮಾಡಬೇಕಿಲ್ಲ. ಇವತ್ತಿನ ಕಲಾವಿದರು ಅದೇ ಗೂಳಿಯನ್ನು ಹೊಸದಾಗಿ ಬಿಡಿಸಲಿ. ಮುದ್ರೆಗಳ ಒಳ್ಳೆಯ ಗುಣವನ್ನೂ ಉಳಿಸಿಕೊಳ್ಳೋಣ: ಅಂಕಿ ದೊಡ್ಡದಾಗಿರಲಿ, ಓದು ಬಾರದವರಿಗೆ ಪ್ರಾಣಿಯೇ ಗುರುತಾಗಲಿ. ಕುದುರೆ ಅಂದರೆ ಒಂದು, ಗೂಳಿ ಅಂದರೆ ಎರಡು.

ನಾಣ್ಯದ ವಿನ್ಯಾಸ ತೀರ್ಮಾನಿಸೋದು ಕೇಂದ್ರ ಸರ್ಕಾರ, ರಿಸರ್ವ್ ಬ್ಯಾಂಕ್ ಹಂಚೋದು ಮಾತ್ರ. ಅದಕ್ಕೆ ಹಣಕಾಸು ಸಚಿವಾಲಯಕ್ಕೇ ಪತ್ರ ಬರೆಯೋಣ ಅಂತಿದ್ದೀನಿ. ಕರಡನ್ನು ಭಾನುವಾರ ಇಲ್ಲೇ ಹಾಕ್ತೀನಿ. 2019ರ ಅಳತೆ ಮುಟ್ಟಬಾರದು ಅನ್ನೋದು ಮೊದಲ ಸಾಲು. ಒಂದು ಬೆಲೆಗೆ ಒಂದೇ ಮುಖ, ಕನಿಷ್ಠ 25 ವರ್ಷ, ಇದು ಎರಡನೇದು. ಪ್ರಾಣಿಗಳ ಮಾತು ಆಮೇಲೆ ಬರುತ್ತೆ.

ನೀರಿನ ಸಾಲು, ಕೋಲಾರ

ನಮ್ಮ ಸಂಘದ ಹೆಂಗಸರ ಸಹಿ ನಾನು ಹಾಕಿಸಿಕೊಡ್ತೀನಿ. ಪತ್ರ ಕನ್ನಡದಲ್ಲೂ ಇರಲಿ.

ಕೋರಮಂಗಲ, ಬೆಂಗಳೂರು

ಇಂಗ್ಲಿಷ್ ಪ್ರತಿ ನಾನು ಸಿದ್ಧ ಮಾಡ್ತೀನಿ.

ಬೆರಳ ತುದಿ, ತುಮಕೂರು

ಒಂದು ಸಾಲು ಸೇರಿಸಿ. ಹತ್ತು ಮತ್ತು ಇಪ್ಪತ್ತು ಎರಡೂ 27 ಮಿಲಿಮೀಟರ್. ತೂಕದಲ್ಲಿ ಒಂದು ಗ್ರಾಂ ಕೂಡ ವ್ಯತ್ಯಾಸ ಇಲ್ಲ, 7.74 ಮತ್ತು 8.54. ಬೆರಳಿಗೆ ಇರೋ ಗುರುತು ಇಪ್ಪತ್ತರ ಮೂಲೆಗಳು, ಹತ್ತರ ಅಂಚಿನ ಗೀರು. ಮೂಲೆಗಳು ಹನ್ನೆರಡು ಇರೋದರಿಂದ ದುಂಡಗೇ ಅನ್ನಿಸಿಬಿಡುತ್ತೆ. ಅಗಲ ಹಾಗೇ ಇರಲಿ, ಮೂಲೆ ಮಾತ್ರ ಸ್ವಲ್ಪ ಚೂಪಾಗಲಿ ಅಂತ ಕೇಳಿ.